ಸೈಕಿಕ್, ಸುಳ್ಳಾಡುವ ಅವಳಿಗಳು: ಇಂಥ ಸಂಚಿಕೆಯ ಕೊನೆ ಕೋರ್ಟಿನಲ್ಲಿ ನಿಲ್ಲುತ್ತದಾ?

ಕತ್ತಲೆ_ಕೋಣೆ:
ಅಮೆರಿಕದ ಅಪರಾಧ ಪತ್ತೆ ಟಿವಿ ಸರಣಿ 'ದಿ ಮೆಂಟಲಿಸ್ಟ್' ಮೊದಲ ಸೀಸನ್ನಿನ 'ಸೀಯಿಂಗ್ ರೆಡ್' (2008) ಸಂಚಿಕೆಯಲ್ಲಿ ಕ್ರಿಸ್ಟೀನಾ ಫ್ರೈ ಎಂಬ ಸೈಕಿಕ್ (ಅತೀಂದ್ರಿಯ ಶಕ್ತಿ ಇದೆ ಎನ್ನುವವಳು) ಬರುತ್ತಾಳಲ್ಲ, ಅದೇ ಜಾಡಿನಲ್ಲಿ ಒಂದು ಸಂಚಿಕೆ ಬರೆಯುತ್ತಿದ್ದೇನೆ. ಜಾಗ ಕ್ಯಾಲಿಫೋರ್ನಿಯಾವೇ. ಶ್ರೀಮಂತ ತಾಯಿಯ ಕೊಲೆಯಾಗಿದೆ. ನೋಡಲು ತದ್ರೂಪಾಗಿರುವ ಅವಳಿ ಗಂಡುಮಕ್ಕಳು ಆಸ್ತಿಗೆ ಕಾದಿದ್ದಾರೆ. ತಾಯಿ ಒಬ್ಬ ಸೈಕಿಕ್ ಹತ್ತಿರ ಹೋಗುತ್ತಿದ್ದಳು. ಕೊನೆಯಲ್ಲಿ ಪೊಲೀಸರು ಹೇಳಿಕೊಟ್ಟಂತೆ ಆ ಸೈಕಿಕ್ ಸತ್ತವಳ ಆತ್ಮವನ್ನು ಕರೆಯುವ ನಾಟಕವಾಡುತ್ತಾಳೆ, ಅವಳಿಗಳಲ್ಲಿ ಒಬ್ಬ ಬೆದರಿ ಬಾಯಿಬಿಡುತ್ತಾನೆ. ಕೇಳಬೇಕಿರುವುದು ಮೂರು: ಡಿಎನ್‌ಎಯಿಂದ ಅವಳಿಗಳನ್ನು ಬೇರ್ಪಡಿಸಬಹುದಾ? ಸೈಕಿಕ್‌ಗೆ ಅಷ್ಟೆಲ್ಲ ಹೇಗೆ ಗೊತ್ತಾಗುತ್ತದೆ? ಆ ತಪ್ಪೊಪ್ಪಿಗೆಗೆ ಬೆಲೆ ಇದೆಯಾ?

ಲ್ಯಾಬ್_ಕನ್ನಡಿ:
ಡಿಎನ್‌ಎ ನೆಚ್ಚಿಕೊಳ್ಳಬೇಡಿ. ಅಮೆರಿಕದ ಪೊಲೀಸರ ಡಿಎನ್‌ಎ ಭಂಡಾರವಾದ ಕೋಡಿಸ್ ದಾಖಲೆಗೆ 2017ರಿಂದ 20 ಜಾಗಗಳ ಎಸ್‌ಟಿಆರ್ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ತುಣುಕು) ಹೋಲಿಕೆ ಬೇಕು, ಅದಕ್ಕೆ ಮುಂಚೆ 13 ಇತ್ತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಈ ಜಾಗಗಳೆಲ್ಲ ಒಂದೇ ತೆರನಾಗಿ ಬರುತ್ತವೆ. 2009ರ ಜನವರಿಯಲ್ಲಿ ಬರ್ಲಿನ್ನಿನ ಕಾಡೇವೇ ಮಳಿಗೆಯಲ್ಲಿ ಒಡವೆ ಕಳವಾದಾಗ ಅಲ್ಲಿ ಬಿದ್ದಿದ್ದ ಕೈಗವಸಿನ ಡಿಎನ್‌ಎ ಅವಳಿ ಸೋದರರಿಬ್ಬರಿಗೂ ಹೊಂದಿಕೆಯಾಯಿತು. ಇಬ್ಬರಲ್ಲಿ ಯಾರದು ಎಂದು ಹೇಳಲಾಗದೆ ಇಬ್ಬರನ್ನೂ ಬಿಡಬೇಕಾಯಿತು.

ಇಡೀ ಜೀನೋಮ್ (ಒಬ್ಬರ ಪೂರ್ತಿ ಡಿಎನ್‌ಎ) ಓದಿಸಿದರೆ ಕೆಲವೊಮ್ಮೆ ವ್ಯತ್ಯಾಸ ಸಿಗುತ್ತದೆ. 2021ರಲ್ಲಿ ಪ್ರಕಟವಾದ ಐಸ್‌ಲ್ಯಾಂಡ್ ಅಧ್ಯಯನದಲ್ಲಿ ಅವಳಿಗಳ ನಡುವೆ ಭ್ರೂಣದ ಮೊದಲ ದಿನಗಳಲ್ಲೇ ಆದ ಬದಲಾವಣೆಗಳು ಸರಾಸರಿ 5.2 ಕಂಡವು. 300 ಕೋಟಿ ಅಕ್ಷರಗಳಲ್ಲಿ ಐದಾರು ಅಂದರೆ ಮಾದರಿ ಚೆನ್ನಾಗಿಯೂ ಸಾಕಷ್ಟೂ ಇರಬೇಕು. ಬಾಗಿಲ ಹಿಡಿಯ ಮೇಲಿನ ಬೆವರಿನಿಂದ ಅದು ಆಗುವ ಮಾತಲ್ಲ.

ಬೆರಳಚ್ಚು ಬಳಸಿ. ಗೆರೆಗಳು ಗರ್ಭದಲ್ಲೇ ಮೂಡುತ್ತವೆ, ಆಗ ಬೆರಳ ತುದಿಯ ಮೇಲಿನ ಒತ್ತಡ ಪ್ರತಿ ಮಗುವಿಗೂ ಬೇರೆ. ಹಾಗಾಗಿ ಅವಳಿಗಳ ಅಚ್ಚು ಹತ್ತಿರದ ಹೋಲಿಕೆ ತೋರಿಸಿದರೂ ಒಂದೇ ಆಗಿರುವುದಿಲ್ಲ. ಗಾಯದ ಗುರುತು, ಹಲ್ಲಿನ ದಾಖಲೆ ಕೂಡ ಬೇರೆಬೇರೆ. ಒಂದು ಗಂಡು ಒಂದು ಹೆಣ್ಣು ಅವಳಿ ಎಂದು ಬದಲಾಯಿಸಿಕೊಂಡರೆ ಈ ಗೊಂದಲವೇ ಇಲ್ಲ, ಅವರ ಡಿಎನ್‌ಎ ಸಾಮಾನ್ಯ ಅಣ್ಣತಂಗಿಯರಷ್ಟೇ ಬೇರೆ.

ಮಾತಿನ_ಗಾರುಡಿ:
ಸೈಕಿಕ್ ವಿಷಯ ನನಗೆ ಬಿಡಿ. ದಾರಿ ಎರಡು. ಮೊದಲೇ ಮಾಹಿತಿ ಕಲೆಹಾಕಿ ಬರುವುದು ಹಾಟ್ ರೀಡಿಂಗ್. 1986ರಲ್ಲಿ ಪೀಟರ್ ಪೊಪಾಫ್ ಎಂಬ ಬೋಧಕನ ಕಿವಿಯಲ್ಲಿದ್ದ ಪುಟ್ಟ ರಿಸೀವರಿಗೆ ಅವನ ಹೆಂಡತಿ 39.17 ಮೆಗಾಹರ್ಟ್ಸ್‌ನಲ್ಲಿ ಭಕ್ತರ ಹೆಸರು, ಕಾಯಿಲೆ ಹೇಳುತ್ತಿದ್ದುದನ್ನು ಇಂಥ ಮೋಸಗಳನ್ನು ಬಯಲಿಗೆಳೆಯುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿಯ ತಂಡ ರೇಡಿಯೊ ಸ್ಕ್ಯಾನರಿನಿಂದ ಹಿಡಿದು ಬಯಲು ಮಾಡಿತು.

ಏನೂ ಗೊತ್ತಿಲ್ಲದೆ ಎದುರಿದ್ದವರಿಂದಲೇ ಹೊರಡಿಸುವುದು ಕೋಲ್ಡ್ ರೀಡಿಂಗ್. ಮೊದಲು ಯಾರಿಗೂ ಒಪ್ಪುವ ಮಾತು: "ಹೊರಗೆ ಗಟ್ಟಿ, ಒಳಗೆ ಅಳುಕು." 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ಸ್ವಭಾವ ವರ್ಣನೆ ಹಂಚಿದಾಗ ತಮಗೆ ಎಷ್ಟು ಒಪ್ಪುತ್ತದೆ ಎಂದು ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26! ಆಮೇಲೆ ಬಲೆ ಅಗಲವಾಗಿ ಬೀಸುವುದು: "ಎದೆಯ ಹತ್ತಿರ ಏನೋ ನೋವು ಕಾಣುತ್ತಿದೆ." ಹೃದಯವೋ ಶ್ವಾಸಕೋಶವೋ, ಕೊನೆಗೆ ಅಲ್ಲಿಗೇ ಬರುವ ಸಾವುಗಳು ಬಹಳ. ಉಸಿರು, ಕಣ್ಣು, ಕೈಬೆರಳು ನೋಡುತ್ತ ಮುಂದಿನ ಮಾತು ತಿದ್ದಿಕೊಳ್ಳುತ್ತಾರೆ. ತಪ್ಪಿದ್ದು ಕೇಳಿದವರಿಗೆ ಮರೆತುಹೋಗುತ್ತದೆ, ತಾಗಿದ್ದು ನೆನಪಲ್ಲಿ ಉಳಿಯುತ್ತದೆ.

ನಿಮ್ಮ ದೃಶ್ಯಕ್ಕೆ ಒಂದು ಸೂಚನೆ: ಅವಳಿಗಳನ್ನು ಅಕ್ಕಪಕ್ಕ ಕೂರಿಸಿ, ಸೈಕಿಕ್ ಮಾತಾಡುತ್ತಿರುವವನನ್ನು ಬಿಟ್ಟು ಸುಮ್ಮನಿರುವವನನ್ನು ನೋಡಲಿ. ಸುಳ್ಳನ್ನು ಇಬ್ಬರೂ ಸೇರಿ ಹೆಣೆದಿದ್ದಾರೆ, ಹಾಗಾಗಿ ಒಬ್ಬ ಎಡವಿದ ಕ್ಷಣ ಮೊದಲು ತಿಳಿಯುವುದು ಇನ್ನೊಬ್ಬನಿಗೆ.

ಸಾಕ್ಷಿಕಟ್ಟೆ:
ಕ್ಯಾಲಿಫೋರ್ನಿಯಾ ಆದ್ದರಿಂದ ಅಲ್ಲಿಯ ಕಾನೂನೇ ಹೇಳುತ್ತೇನೆ. ಪೊಲೀಸರು ಸುಳ್ಳು ಹೇಳಿ ಬಾಯಿಬಿಡಿಸಿದ್ದರಿಂದಷ್ಟೇ ತಪ್ಪೊಪ್ಪಿಗೆ ಬಿದ್ದುಹೋಗುವುದಿಲ್ಲ (ಫ್ರೇಜಿಯರ್ ಪ್ರಕರಣ, 1969). ಸುಮ್ಮನಿರುವ, ವಕೀಲರನ್ನು ಪಡೆಯುವ ಹಕ್ಕು ತಿಳಿಸುವ ಮಿರಾಂಡ ಎಚ್ಚರಿಕೆ ಬೇಕಾಗುವುದು ವಶದಲ್ಲಿಟ್ಟು ವಿಚಾರಿಸುವಾಗ. ಆದ್ದರಿಂದ ದೃಶ್ಯ ಸೈಕಿಕ್ ಮನೆಯಲ್ಲೇ ನಡೆಯಲಿ, ಯಾವಾಗ ಬೇಕಾದರೂ ಎದ್ದುಹೋಗುವ ಸ್ವಾತಂತ್ರ್ಯ ಅವರಿಗಿರಲಿ. ಕೋರ್ಟಿನಲ್ಲಿ ಆರೋಪ ದಾಖಲಾಗುವ ಮುಂಚೆಯೇ ನಡೆಯಬೇಕು. ಆಮೇಲೆ ವಕೀಲರ ಹಕ್ಕು ಹುಟ್ಟಿರುತ್ತದೆ, ಪೊಲೀಸರ ಪರವಾಗಿ ಗುಟ್ಟಾಗಿ ಮಾತು ಹೊರಡಿಸುವಂತಿಲ್ಲ (ಮಸಾಯಾ, 1964). ಗುಟ್ಟಾಗಿ ಧ್ವನಿಮುದ್ರಿಸಲು ಆ ರಾಜ್ಯದಲ್ಲಿ ಎಲ್ಲರ ಒಪ್ಪಿಗೆ ಬೇಕು, ಆದರೆ ಪೊಲೀಸರ ನಿರ್ದೇಶನದಲ್ಲಿ ಮಾಡಿದರೆ ವಿನಾಯಿತಿ ಇದೆ.

ನಿಮ್ಮ ಕಥೆ ನಿಜಕ್ಕೂ ಕುಸಿಯುವುದು ಬೇರೆ ಕಡೆ. ಒಬ್ಬ "ನಾವಿಬ್ಬರೂ ಸೇರಿ ಮಾಡಿದೆವು" ಅಂದುಬಿಟ್ಟು ಸಾಕ್ಷಿಕಟ್ಟೆ ಏರದಿದ್ದರೆ, ಜಂಟಿ ವಿಚಾರಣೆಯಲ್ಲಿ ಆ ಮಾತನ್ನು ಇನ್ನೊಬ್ಬನ ಮೇಲೆ ಹಾಕಲಾಗದು, ಏಕೆಂದರೆ ಅವನ ವಕೀಲರಿಗೆ ಪಾಟೀಸವಾಲಿನ ಅವಕಾಶವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1965ರ ಅರಾಂಡ, ಇಡೀ ದೇಶಕ್ಕೆ 1968ರ ಬ್ರೂಟನ್ ತೀರ್ಪು. ಪ್ರತ್ಯೇಕ ವಿಚಾರಣೆ ಬೇಕಾಗುತ್ತದೆ, ಇಲ್ಲವೇ ಇಬ್ಬರಿಗೂ ಬೇರೆಬೇರೆ ಜ್ಯೂರಿ (ತೀರ್ಪು ಕೊಡುವ ನಾಗರಿಕರ ತಂಡ).

ಕತ್ತಲೆ_ಕೋಣೆ:
ಹಾಗಾದರೆ ಆತ್ಮ ಕರೆಯುವ ದೃಶ್ಯವನ್ನೇ ತೆಗೆಯಬೇಕಾ?

ಸಾಕ್ಷಿಕಟ್ಟೆ:
ಬೇಡ, ಇಟ್ಟುಕೊಳ್ಳಿ, ಅದರ ಕೆಲಸ ಬದಲಿಸಿ. ಪತ್ರಿಕೆಗೆ ಕೊಡದೆ ಪೊಲೀಸರು ಬಚ್ಚಿಟ್ಟ ಒಂದು ವಿವರ ಇರಲಿ, ಉದಾಹರಣೆಗೆ ಶವದ ಕೈಯಿಂದ ತೆಗೆದಿದ್ದ ಉಂಗುರ. ಸೈಕಿಕ್‌ಗೂ ಅದು ತಿಳಿದಿರಬಾರದು. ಅವಳ ಬಾಯಲ್ಲಿ ಮೊದಲು ಬಂದರೆ, ಕೇಳಿ ಕಲಿತ ಎಂದು ಡಿಫೆನ್ಸ್ ವಕೀಲರು ತಳ್ಳಿಹಾಕುತ್ತಾರೆ. ಅವಳು ಧೈರ್ಯವಾಗಿ ತಪ್ಪನ್ನೇ ಹೇಳಲಿ: "ಅಮ್ಮನ ಸರ ಕಿತ್ತುಕೊಂಡಿರಿ." ಅವನು ತಡೆಯಲಾಗದೆ "ಸರ ಅಲ್ಲ, ಉಂಗುರ" ಅಂತಾನೆ. ಅಲ್ಲಿಂದ ಪೊಲೀಸರು ಸರ್ಚ್ ವಾರಂಟ್ ತಂದು ಉಂಗುರ ಹುಡುಕಲಿ, ಅದರ ಪೆಟ್ಟಿಗೆಯ ಮೇಲೆ ಇನ್ನೊಬ್ಬನ ಬೆರಳಚ್ಚು ಸಿಗಲಿ. ಆಗ ಬ್ರೂಟನ್ ಅಡ್ಡ ಬರುವುದಿಲ್ಲ, ಮೊದಲನೆಯವನ ಮಾತಿಲ್ಲದೆಯೂ ಎರಡನೆಯವನು ಸಿಕ್ಕಿಬೀಳುತ್ತಾನೆ.