ಚಿಕ್ಕಪ್ಪ, ಮೊದಲು ಸ್ಪೀಕರ್ ಹಿಂದಿನ ವೈರ್ ನೋಡಿ

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗ ಕೇಳಿದೆ. ಎರಡು ಸಲ ಕೇಳಿದೆ. ಹಿಂದಿನಿಂದ ಚಿಕ್ಕಮ್ಮ "ಸುಮ್ನೆ ವಾಪಸ್ ಕೊಟ್ಟುಬಿಡಿ" ಅಂದಿದ್ದು ಮೊದಲ ಸಲ ಸರಿಯಾಗಿ ಕೇಳಿಸಿರಲಿಲ್ಲ. ಚಿಕ್ಕಮ್ಮ, ಇನ್ನೊಂದು ಸಂಜೆ ತಡೆಯಿರಿ. ಸೆಟ್ ಕೆಟ್ಟಿದೆ ಅಂತ ನನಗೆ ಅನಿಸುತ್ತಿಲ್ಲ.

ಗ್ರೂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಚಿಕ್ಕಪ್ಪ ಹೊಸ ಸ್ಟೀರಿಯೊ ಸೆಟ್ ತಂದಿದ್ದಾರೆ. ನಡುವೆ ಒಂದು ಪುಟ್ಟ ಯಂತ್ರ, ಎರಡು ಸ್ಪೀಕರ್. ಸದ್ದು ಜೋರಾಗಿಯೇ ಬರುತ್ತದಂತೆ. ಆದರೆ ಡ್ರಮ್ ಬಡಿದರೆ ಟೊಳ್ಳು ಡಬ್ಬ ಬಡಿದ ಹಾಗೆ, ಹಾಡುವವರು ಎಡಕ್ಕಿದ್ದಾರೋ ಬಲಕ್ಕಿದ್ದಾರೋ ಗೊತ್ತಾಗುವುದಿಲ್ಲ, ಹಳೇ ರೇಡಿಯೊನೇ ವಾಸಿ ಅಂತಾರೆ. ಇದರ ಜೊತೆಗೆ ಪೆನ್‌ಡ್ರೈವ್ ಓದುತ್ತಿಲ್ಲ, ಎಫ್‌ಎಂನಲ್ಲಿ ಸುಯ್ ಅನ್ನುತ್ತದೆ, ಟಿವಿಗೆ ಜೋಡಿಸಿದರೆ ಉಸಿರೇ ಇಲ್ಲ. ಅಷ್ಟೇ ಅಲ್ವಾ ಚಿಕ್ಕಪ್ಪ?

ಟೊಳ್ಳು ಸದ್ದು ಅಂದಿರಲ್ಲ, ಅದರಿಂದಲೇ ಶುರು ಮಾಡುತ್ತೇನೆ. ನನಗೆ 90 ಪಾಲು ಅನುಮಾನ ಇರುವುದು ಒಂದು ಸ್ಪೀಕರಿನ ವೈರ್ ತಿರುವುಮುರುವು ಆಗಿದೆ ಅಂತ. ಸ್ಪೀಕರ್ ಒಳಗೆ ಕಾಗದದ ತಟ್ಟೆಯ ಹಾಗೆ ಒಂದು ಕೋನ್ ಇರುತ್ತದೆ. ಅದು ಮುಂದೆ ಬಂದು ಗಾಳಿಯನ್ನು ತಳ್ಳುತ್ತದೆ, ಹಿಂದೆ ಸರಿದು ಎಳೆಯುತ್ತದೆ. ಎರಡೂ ಸ್ಪೀಕರ್ ಒಟ್ಟಿಗೆ ತಳ್ಳಬೇಕು, ಒಟ್ಟಿಗೆ ಎಳೆಯಬೇಕು. ಒಂದರಲ್ಲಿ ಪ್ಲಸ್ ಮೈನಸ್ ಅದಲುಬದಲಾದರೆ ಅದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಒಂದು ಕೊಟ್ಟಿದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ. ಇದರಲ್ಲಿ ಸಾಯುವುದು ಬಾಸ್, ಅಂದರೆ ತಗ್ಗಿನ ದಪ್ಪ ಸ್ವರ ಮಾತ್ರ. ಯಾಕೆ ಅಂದರೆ ತಗ್ಗಿನ ಸ್ವರದ ಅಲೆ ತುಂಬಾ ಉದ್ದ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ನಡುಗುವ ಸದ್ದಿನ ಅಲೆ ಸುಮಾರು 3.4 ಮೀಟರ್. ಅಷ್ಟು ಉದ್ದದ ಅಲೆಗೆ ಹತ್ತಿರ ಹತ್ತಿರ ಇರುವ ಎರಡು ಸ್ಪೀಕರ್ ಒಂದೇ ಜಾಗದಲ್ಲಿದ್ದ ಹಾಗೆ, ಹಾಗಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಮೇಲಿನ ಸ್ವರಗಳ ಅಲೆ ಗೇಣಿಗಿಂತ ಚಿಕ್ಕದು, ಅವು ತಪ್ಪಿಸಿಕೊಂಡು ಕಿವಿಗೆ ಬರುತ್ತವೆ. ಅದಕ್ಕೇ ನಿಮಗೆ ಸದ್ದು ಜೋರಾಗಿ ಕೇಳುತ್ತದೆ, ಆದರೆ ಮೈಯೇ ಇಲ್ಲ.

ನಗಬೇಡಿ, ನಾನು ನನ್ನ ಮೊದಲ ಸೆಟ್ಟನ್ನು ಹೀಗೇ ಎಂಟು ತಿಂಗಳು ಕೇಳಿದ್ದೇನೆ. ಬಂದವರಿಗೆಲ್ಲ "ಈ ಕಂಪನಿ ಸರಿ ಇಲ್ಲ" ಅಂತ ಹೇಳಿಕೊಂಡು ಓಡಾಡಿದ್ದೆ. ಮನೆ ಬದಲಿಸುವಾಗ ವೈರ್ ಬಿಚ್ಚಿ ಮತ್ತೆ ಹಾಕಿದೆ, ಹೊಸ ಮನೆಯಲ್ಲಿ ಬಾಸ್ ಬಂದುಬಿಟ್ಟಿತು! ಆವತ್ತು ಹೊಸ ಮನೆಯ ಗೋಡೆ ಚೆನ್ನಾಗಿದೆ ಅಂದುಕೊಂಡೆ. ನಿಜ ಗೊತ್ತಾಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ನೋಡುವುದು ಹೇಗೆ ಅಂದರೆ, ಮೊದಲು ಪ್ಲಗ್ ಕೀಳಿ. ಆಮೇಲೆ ವೈರ್ ನೋಡಿ. ಜೋಡಿ ವೈರಿನಲ್ಲಿ ಒಂದರ ಮೇಲೆ ಉದ್ದಕ್ಕೂ ಗೆರೆ ಇರುತ್ತದೆ, ಅಥವಾ ಒಂದು ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿ ಬಣ್ಣ. ಗೆರೆ ಇರುವುದು ಪ್ಲಸ್ಸಾ ಮೈನಸ್ಸಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಂತ್ರದ ಕಡೆ ಕೆಂಪು ಕ್ಲಿಪ್ಪಿಗೆ ಹೋದದ್ದೇ ಸ್ಪೀಕರ್ ಕಡೆಯೂ ಕೆಂಪಿಗೆ ಹೋಗಿರಬೇಕು, ಎಡಕ್ಕೂ ಬಲಕ್ಕೂ ಇದೇ ಲೆಕ್ಕ. ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ತೊಗಟೆ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಒಳಗೆ ಹಾಕಿ. ಒಂದೇ ಒಂದು ಎಳೆ ಹೊರಗೆ ಚಾಚಿಕೊಂಡು ಪಕ್ಕದ ಕ್ಲಿಪ್ಪಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಆಗ ಎಷ್ಟೋ ಸೆಟ್‌ಗಳು ಡಿಸ್‌ಪ್ಲೇಯಲ್ಲಿ ಪ್ರೊಟೆಕ್ಟ್ ಅಂತ ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತವೆ. ಹಾಗಾದರೆ ಗಾಬರಿ ಬೇಡ, ಪ್ಲಗ್ ಕಿತ್ತು ಆ ಎಳೆ ಹುಡುಕಿ.

ಸರಿಯಾಯಿತಾ ಅಂತ ತಿಳಿಯಲು ಹಾಡು ಹಾಕಬೇಡಿ. ಒಬ್ಬರೇ ಮಾತಾಡುವ ವಾರ್ತೆ ಏನಾದರೂ ಹಾಕಿ, ಎರಡೂ ಸ್ಪೀಕರಿಗೆ ಸಮ ದೂರದಲ್ಲಿ ಕುಳಿತುಕೊಳ್ಳಿ. ದನಿ ಸರಿಯಾಗಿ ನಡುವಿನಿಂದ, ಅಲ್ಲಿ ಯಾರೋ ನಿಂತು ಮಾತಾಡಿದ ಹಾಗೆ ಬಂದರೆ ವೈರ್ ಸರಿ ಇದೆ. ತಲೆಯ ಸುತ್ತ ಹರಡಿಕೊಂಡು ಎಲ್ಲಿಂದ ಬಂತು ಅಂತ ತಿಳಿಯದಿದ್ದರೆ ತಿರುಗಿದೆ ಅಂತ ಅರ್ಥ. ಆಗ ಒಂದೇ ಒಂದು ಸ್ಪೀಕರಿನ ವೈರ್ ಅದಲುಬದಲು ಮಾಡಿ. ಎರಡನ್ನೂ ಮಾಡಿದರೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೀರಿ.

ಇನ್ನು ನೀವು ಹಾಕಿದ ಫೋಟೊ. ಚಿಕ್ಕಪ್ಪ, ಆ ಎರಡು ಸ್ಪೀಕರ್ ಯಂತ್ರದ ಎರಡು ಕೆನ್ನೆಗೆ ಅಂಟಿಕೊಂಡು ಬೀರುವಿನ ಮೇಲೆ ಕೂತಿವೆ. ನೋಡಲು ಚೆಂದ, ಕೇಳಲು ಅಲ್ಲ. ಸ್ಟೀರಿಯೊ ಅನ್ನುವ ವಿದ್ಯೆ ಹುಟ್ಟಿದ್ದೇ ಸದ್ದಿಗೆ ಜಾಗ ಕೊಡಲು. ಇಂಗ್ಲೆಂಡಿನ ಇಎಂಐ ಕಂಪನಿಯಲ್ಲಿದ್ದ ಆಲನ್ ಬ್ಲಮ್ಲೈನ್ ಅನ್ನುವ ಇಂಜಿನಿಯರ್ 1931ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಸಿನಿಮಾದಲ್ಲಿ ಪಾತ್ರ ಪರದೆಯ ಒಂದು ತುದಿಯಲ್ಲಿ ನಡೆಯುತ್ತದೆ, ಮಾತು ಮಾತ್ರ ಇನ್ನೆಲ್ಲಿಂದಲೋ ಬರುತ್ತದೆ ಅಂತ ಅವರಿಗೆ ಕಿರಿಕಿರಿಯಾಗಿತ್ತಂತೆ. ಎರಡು ಸ್ಪೀಕರ್ ಒಂದಕ್ಕೊಂದು ಅಂಟಿಕೊಂಡರೆ ಆ ವಿದ್ಯೆಯೆಲ್ಲ ವ್ಯರ್ಥ, ಅಲ್ವಾ?

ಸ್ಪೀಕರ್‌ಗಳನ್ನು ಎರಡು ಮೀಟರ್ ಆಸುಪಾಸು ಬಿಡಿಸಿ ಇಡಿ. ಒಂದೂವರೆ ಆದರೂ ನಡೆಯುತ್ತದೆ. ನೀವು ಕೂರುವ ಕುರ್ಚಿಯಿಂದ ಒಂದೊಂದು ಸ್ಪೀಕರಿಗೂ ಅಷ್ಟೇ ದೂರ ಇರಲಿ, ಮೂರೂ ಸೇರಿ ಸಮ ತ್ರಿಕೋನ. ಎರಡನ್ನೂ ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಮೇಲಿರುವ ಚಿಕ್ಕ ಸ್ಪೀಕರ್ ಇದೆಯಲ್ಲ, ಟ್ವೀಟರ್, ಅದು ಕೂತಾಗ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಮೇಲಿನ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ. ಬೀರುವಿನ ಮೇಲಿಟ್ಟರೆ ಅವೆಲ್ಲ ನಿಮ್ಮ ತಲೆಯ ಮೇಲಿಂದ ಹಾರಿ ಹೋಗುತ್ತವೆ.

ಗೋಡೆಗೆ ತಾಗಿಸಿ ಇಡಬೇಡಿ. ಸ್ಪೀಕರಿನ ಹಿಂದೆ ದುಂಡನೆಯ ತೂತು ಇದ್ದರಂತೂ ಕನಿಷ್ಠ ಒಂದು ಗೇಣು ಜಾಗ ಬಿಡಿ. ಬಾಸಿನ ಒಂದು ಪಾಲು ಆ ತೂತಿನಿಂದಲೇ ಬರುವುದು. ಹಾಗಂತ ಬಾಸ್ ಜಾಸ್ತಿ ಬೇಕು ಅಂತ ಮೂಲೆಗೂ ತಳ್ಳಬೇಡಿ. ಮೂಲೆಯಲ್ಲಿ ಬಾಸ್ ಜಾಸ್ತಿ ಆಗುತ್ತದೆ ನಿಜ, ಆದರೆ ಬರೀ ಗುಂಯ್ ಅನ್ನುತ್ತದೆ, ಒಂದು ಪೆಟ್ಟಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮರದ ಹಲಗೆ ನಡುಗಿದರೆ ಸ್ಪೀಕರ್ ಕೆಳಗೆ ನಾಲ್ಕು ರಬ್ಬರ್ ತುಂಡು ಇಡಿ.

ಕೊಟ್ಟ ವೈರ್ ಸಾಲದಿದ್ದರೆ ಹೊಸದು ತನ್ನಿ. ಐದಾರು ಮೀಟರಿಗೆ 1 ಅಥವಾ 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ವೈರ್ ಧಾರಾಳವಾಯಿತು. ಚಿನ್ನದ ಲೇಪ, ವಿಶೇಷ ತಾಮ್ರ ಅಂತ ಯಾರಾದರೂ ಕಥೆ ಹೇಳಿದರೆ ಕೇಳಿ ನಕ್ಕು ಬಂದುಬಿಡಿ.

ಭಾವ, ನೀವು ಮೇಲೆ ಬರೆದಿದ್ದೀರಿ, ಹಳೇ ಸ್ಪೀಕರ್ ಜೋಡಿಯನ್ನೂ ಅದೇ ಕ್ಲಿಪ್ಪಿಗೆ ಸಿಕ್ಕಿಸಿದರೆ ಮನೆಯೆಲ್ಲ ಕೇಳುತ್ತದೆ ಅಂತ. ಬೇಡ ಭಾವ, ಕ್ಷಮಿಸಿ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಯಂತ್ರದ ಹಿಂದೆ 6 ಓಮ್ ಅಂತ ಬರೆದಿದ್ದರೆ ಅದಕ್ಕಿಂತ ಕಡಿಮೆ ಹಾಕಬಾರದು. 6 ಓಮಿನ ಎರಡು ಸ್ಪೀಕರನ್ನು ಒಂದೇ ಕ್ಲಿಪ್ಪಿಗೆ ಸೇರಿಸಿದರೆ ಅದು 3 ಓಮ್ ಆಗುತ್ತದೆ. ಯಂತ್ರ ಜಾಸ್ತಿ ಕರೆಂಟ್ ಕೊಡಲು ಹೋಗಿ ಬಿಸಿಯಾಗುತ್ತದೆ. 8 ಓಮಿನ ಒಂದೊಂದೇ ಸ್ಪೀಕರ್ ಹಾಕಿದರೆ ತೊಂದರೆ ಇಲ್ಲ, ಸದ್ದು ಸ್ವಲ್ಪ ಕಡಿಮೆ ಬರಬಹುದು ಅಷ್ಟೇ.

ಪೆನ್‌ಡ್ರೈವ್ ವಿಷಯ. ನಿಮ್ಮದು 128 ಜಿಬಿಯದು ಅಂದಿರಿ. ದೊಡ್ಡವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಈ ಪುಟ್ಟ ಸೆಟ್‌ಗಳಲ್ಲಿ ಎಷ್ಟೋ ಅದನ್ನು ಓದುವುದಿಲ್ಲ. ಮನೆಯಲ್ಲಿ 16 ಅಥವಾ 32 ಜಿಬಿಯ ಹಳೇದು ಇದ್ದರೆ ಅದನ್ನು ಕಂಪ್ಯೂಟರಿನಲ್ಲಿ ಫ್ಯಾಟ್ 32 ಅಂತ ಫಾರ್ಮ್ಯಾಟ್ ಮಾಡಿ, ಎಂಪಿ3 ಹಾಡು ತುಂಬಿ. ಫಾರ್ಮ್ಯಾಟ್ ಅಂದರೆ ಒಳಗಿನದೆಲ್ಲ ಹೋಗುತ್ತದೆ ಚಿಕ್ಕಪ್ಪ, ಅದರಲ್ಲಿ ಮದುವೆ ಫೋಟೊ ಇದ್ದರೆ ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಆಮೇಲೆ ನನ್ನನ್ನು ಬೈಯಬೇಡಿ.

ಎಫ್‌ಎಂನ ಸುಯ್‌ಗೆ ಕಾರಣ ಬಹುಶಃ ಆ ತೆಳ್ಳಗಿನ ಆಂಟೆನಾ ವೈರ್ ಇನ್ನೂ ಸುರುಳಿಯಾಗಿಯೇ ಇದೆ. ಫೋಟೊದಲ್ಲಿ ಕಟ್ಟಿದ ಹಾಗೇ ಕಾಣುತ್ತಿದೆ. ಬಿಚ್ಚಿ, ನೇರ ಮಾಡಿ, ಕಿಟಕಿಯ ಕಡೆ ಗೋಡೆಗೆ ಅಂಟಿಸಿ. ಎಫ್‌ಎಂ ಅಲೆ ಸುಮಾರು ಮೂರು ಮೀಟರ್ ಉದ್ದ, ಅದರ ಕಾಲು ಭಾಗ ಅಂದರೆ 75 ಸೆಂಟಿಮೀಟರ್ ನೇರ ವೈರ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಮೊಬೈಲ್ ಚಾರ್ಜರಿನಿಂದ, ಎಲ್‌ಇಡಿ ಬಲ್ಬಿನಿಂದ ದೂರ ಇರಲಿ. ಆದರೂ ಸುಯ್ ಅಂದರೆ ರಿಮೋಟಿನಲ್ಲಿ ಮೋನೊ ಒತ್ತಿ, ಆಗ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುತ್ತದೆ. ದೂರದ ಸ್ಟೇಷನ್ ಸ್ಟೀರಿಯೊದಲ್ಲಿ ಜಾಸ್ತಿ ಸುಯ್ ಅನ್ನುತ್ತದೆ, ಮೋನೊದಲ್ಲಿ ಅದು ತುಂಬಾ ತಗ್ಗುತ್ತದೆ. ಮಾತು ಕೇಳಲು ಸ್ಟೀರಿಯೊ ಬೇಕಿಲ್ಲವಲ್ಲ.

ಟಿವಿಗೆ ನೀವು ಹಾಕಿದ್ದು ಕೆಂಪು ಬೆಳಕು ಬರುವ ಆಪ್ಟಿಕಲ್ ವೈರ್. ಅದರ ಎರಡೂ ತುದಿಗೆ ಚಿಕ್ಕ ಪಾರದರ್ಶಕ ಟೋಪಿ ಇರುತ್ತದೆ, ತೆಗೆದಿದ್ದೀರಾ? ತೆಗೆದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಅನ್ನುವ ಕಡೆ ಪಿಸಿಎಂ, ಅಂದರೆ ಹಿಂಡದ ಸಾದಾ ಡಿಜಿಟಲ್ ಸದ್ದು, ಆರಿಸಿ. ಟಿವಿ ಡಾಲ್ಬಿ ರೂಪದಲ್ಲಿ ಕಳಿಸುತ್ತಿದ್ದರೆ ಸಾದಾ ಸ್ಟೀರಿಯೊಗೆ ಅದು ಅರ್ಥವಾಗುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಟಿವಿಗೆ ಬ್ಲೂಟೂತ್ ಮಾಡಬೇಡಿ, ತುಟಿ ಆಡಿದ ಮೇಲೆ ಮಾತು ಬಂದರೆ ಚಿಕ್ಕಮ್ಮನಿಗೆ ಮತ್ತೆ ಸಿಟ್ಟು ಬರುತ್ತದೆ.

ಹಾಡಿಗೆ ಬ್ಲೂಟೂತ್ ಪರವಾಗಿಲ್ಲ. ಒಂದು ಮಾತು ನೆನಪಿರಲಿ, ವಾಲ್ಯೂಮ್ ಎರಡು ಕಡೆ ಇದೆ. ಫೋನಿನಲ್ಲಿ ಹೆಚ್ಚೂಕಡಿಮೆ ಪೂರ್ತಿ ಇಟ್ಟು, ಏರಿಸುವುದು ಇಳಿಸುವುದನ್ನೆಲ್ಲ ಸೆಟ್‌ನಲ್ಲಿ ಮಾಡಿ. ನಿಮ್ಮ ಫೋನ್ ಕನೆಕ್ಟ್ ಆಗದಿದ್ದರೆ ಮನೆಯಲ್ಲಿ ಮಕ್ಕಳ ಫೋನ್ ಯಾವುದೋ ಮೊದಲೇ ಹೋಗಿ ಕೂತಿರುತ್ತದೆ, ಅದರ ಬ್ಲೂಟೂತ್ ಆಫ್ ಮಾಡಿಸಿ. ಅಂದಹಾಗೆ ನಿಮ್ಮ ಹಳೇ ಸಿಡಿಗಳನ್ನು ಬಿಸಾಡಬೇಡಿ. 1982ರಲ್ಲಿ ಮಾರಾಟಕ್ಕೆ ಬಂದ ಆ ತಟ್ಟೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಇಟ್ಟುಕೊಂಡಿರುತ್ತದೆ, ಏನನ್ನೂ ಹಿಂಡಿ ಚಿಕ್ಕದು ಮಾಡುವುದಿಲ್ಲ. ಎಂಪಿ3ಗಿಂತ ಅದೇ ನನಗೆ ಇಷ್ಟ.

ಬಾಸ್, ಟ್ರೆಬಲ್ (ಮೇಲಿನ ಸ್ವರ) ಎರಡನ್ನೂ ಈಗ ಸೊನ್ನೆಗೆ ತನ್ನಿ. ಬಾಸ್ ಬೂಸ್ಟ್ ಗುಂಡಿಯೂ ಆಫ್. ವೈರ್ ತಿರುಗಿದ್ದಾಗ ಹೋದ ಬಾಸನ್ನು ನೀವು ಈ ಗುಂಡಿಯಿಂದ ತುಂಬಿಸಲು ಹೋಗಿರುತ್ತೀರಿ, ನಾನೂ ಅದನ್ನೇ ಮಾಡಿದ್ದೆ. ವೈರ್ ಸರಿಯಾದ ಮೇಲೆ ಹಾಗೇ ಬಿಟ್ಟರೆ ಗಾಜೆಲ್ಲ ನಡುಗುತ್ತದೆ. ರಾತ್ರಿ ಸಣ್ಣಗೆ ಕೇಳುವಾಗ ಬೇಕಾದರೆ ಎರಡು ಅಂಕ ಏರಿಸಿ. ಸದ್ದು ತಗ್ಗಿದಾಗ ನಮ್ಮ ಕಿವಿಗೆ ಬಾಸೇ ಮೊದಲು ಕಾಣೆಯಾಗುವುದು. ಇನ್ನು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಬೇಡಿ. ದನಿ ಒಡೆದ ಹಾಗೆ, ಕರಕರ ಅಂತ ಕೇಳಿತೋ, ಅಲ್ಲಿಂದ ಹಿಂದೆ ಬನ್ನಿ. ಆ ಒಡೆದ ಸದ್ದಿನಲ್ಲಿ ಮೇಲಿನ ಸ್ವರದ ಪಾಲು ಜಾಸ್ತಿ, ಅದು ಪಾಪದ ಟ್ವೀಟರನ್ನು ಸುಡುತ್ತದೆ. ಪೆಟ್ಟಿಗೆ ಮೇಲಿನ ವ್ಯಾಟ್ ಸಂಖ್ಯೆಗೂ ಮರುಳಾಗಬೇಡಿ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಅಯ್ಯೋ, ರಿಮೋಟ್ ಮರೆತೆ. ಕೆಲಸ ಮಾಡುತ್ತಿಲ್ಲ ಅಂದಿರಲ್ಲ, ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ, ಗುಂಡಿ ಒತ್ತಿ. ಪರದೆಯ ಮೇಲೆ ನೇರಳೆಯೋ ಬಿಳಿಯೋ ಬೆಳಕು ಮಿನುಗಿದರೆ ರಿಮೋಟ್ ಬದುಕಿದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಎರಡರಲ್ಲೂ ಇಲ್ಲದಿದ್ದರೆ ಸೆಲ್ ಬದಲಿಸಿ. ಸೆಟ್ ತಾನಾಗಿಯೇ ಆಫ್ ಆಗುತ್ತದೆ ಅಂದಿದ್ದು ಕೆಟ್ಟಿರುವುದರಿಂದ ಅಲ್ಲ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಕರೆಂಟ್ ಉಳಿಸಲು ಹಾಗೆ ಮಾಡುತ್ತದೆ, ಮೆನುವಿನಲ್ಲಿ ಆಟೊ ಸ್ಟ್ಯಾಂಡ್‌ಬೈ ಅಂತ ಇರುತ್ತದೆ.

ವೈರ್ ಬದಲಿಸಿದ ಮೇಲೆ ಹಾಡು ಹಾಕಿ ಇಲ್ಲಿಗೆ ರೆಕಾರ್ಡ್ ಮಾಡಿ ಕಳಿಸಬೇಡಿ ಚಿಕ್ಕಪ್ಪ. ಫೋನಿನ ಮೈಕಿನಲ್ಲಿ ಬಾಸ್ ಸರಿಯಾಗಿ ಬರುವುದಿಲ್ಲ, ನನಗೇನೂ ತಿಳಿಯುವುದಿಲ್ಲ. ಯಂತ್ರದ ಹಿಂಬದಿಯ ಫೋಟೊ ಕಳಿಸಿ, ಎರಡು ಸ್ಪೀಕರಿನ ಹಿಂಬದಿಯದೂ. ಗೆರೆ ಕಾಣುವ ಹಾಗೆ, ಬೆಳಕು ಹಾಕಿ.