ಊರಿನವರು ನನ್ನನ್ನು ಇಲಾಖೆಗೆ ಮಾಹಿತಿ ಕೊಡುವವನು ಅಂದುಕೊಂಡಿದ್ದಾರೆ, ಏನು ಮಾಡಲಿ?

ಹೊಸ ಮೇಷ್ಟ್ರು

ನಮಸ್ಕಾರ. ನಾನು ಹಾಸನ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ಜೂನ್‌ನಲ್ಲಿ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ಊರ ಹೆಸರು ಬೇಡ. ಹೆಂಡತಿ, ಐದು ವರ್ಷದ ಮಗಳು ಜೊತೆಗಿದ್ದಾರೆ. ಊರಲ್ಲಿ ಜಾಸ್ತಿ ಜನ ಬೇಡ ನಾಯಕ ಸಮಾಜದವರು. ಹಬ್ಬ ಹುಣ್ಣಿಮೆಗೆ, ಕೆಲಸ ಇಲ್ಲದ ದಿನ ಕೆಲವರು ಬಲೆ ತಗೊಂಡು ಗುಡ್ಡಕ್ಕೆ ಹೋಗುತ್ತಾರೆ.

ನನಗೆ ಹಕ್ಕಿ ನೋಡುವ ಹುಚ್ಚು. ಬೋನಾಳ ಕೆರೆ ಹತ್ತಿರ ಅಂತಲೇ ಇಲ್ಲಿಗೆ ಖುಷಿಯಿಂದ ಬಂದವನು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಅಲ್ಲಿ ಇಳಿಯುತ್ತವೆ. ದಿನಾ ಬೆಳಿಗ್ಗೆ ಕೊರಳಿಗೆ ದುರ್ಬೀನು ಹಾಕಿಕೊಂಡು ಹೊಲದ ಬದುವಿನ ಮೇಲೆ ಓಡಾಡುತ್ತಿದ್ದೆ. ಯಾರೂ ಏನೂ ಅನ್ನುತ್ತಿರಲಿಲ್ಲ. ನಗುತ್ತಿದ್ದರು, ಅಷ್ಟೇ.

ಜನವರಿಯಲ್ಲಿ ಒಂದು ಭಾನುವಾರ ಸಂಜೆ ಐದು ಜನ ಗುಡ್ಡದಿಂದ ಇಳಿದು ಬರುತ್ತಿದ್ದರು. ಹೆಗಲ ಮೇಲೆ ಬಲೆ, ಹಿಂದೆ ನಾಯಿಗಳು, ಕೋಲಿಗೆ ಮೂರು ಮೊಲ. ಬೆಳಕು ಎಷ್ಟು ಚೆನ್ನಾಗಿತ್ತು ಅಂದರೆ ಯೋಚನೆ ಮಾಡದೆ ಫೋಟೋ ತೆಗೆದೆ. ರಾತ್ರಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ, 'ನಮ್ಮೂರ ಸಂಜೆ' ಅಂತ ಬರೆದು. ಒಂಬತ್ತು ದಿನ ಆದ ಮೇಲೆ ಅರಣ್ಯ ಇಲಾಖೆ ಜೀಪು ಬಂತು. ಎರಡು ಮನೆ ಹುಡುಕಿದರು, ಬಲೆ ತಗೊಂಡು ಹೋದರು.

ನಾನು ಯಾರಿಗೂ ದೂರು ಕೊಟ್ಟಿಲ್ಲ. ಆಣೆ ಮಾಡಿ ಹೇಳುತ್ತೇನೆ. ಆದರೆ ಅವತ್ತಿನಿಂದ ಊರು ನಮ್ಮ ಜೊತೆ ಮಾತು ಬಿಟ್ಟಿದೆ. ಜಗಳ ಇಲ್ಲ, ಬೈಗುಳ ಇಲ್ಲ. ಕಟ್ಟೆ ಹತ್ತಿರ ಹೋದರೆ ಮಾತು ನಿಲ್ಲುತ್ತೆ. ಹಾಲು ಹಾಕುತ್ತಿದ್ದ ಅವ್ವ "ಎಮ್ಮಿ ಹಾಲು ಕೊಡವಲ್ದುರಿ ಸರ" ಅಂದಳು, ಅದೇ ಎಮ್ಮೆ ಹಾಲು ಪಕ್ಕದ ಮನೆಗೆ ದಿನಾ ಹೋಗುತ್ತಿದೆ. ಹೆಡ್‌ಮಾಸ್ಟರ್ "ಸುಮ್ನಿರಿ, ಮರೀತಾರೆ" ಅನ್ನುತ್ತಾರೆ. ಒಂದು ತಿಂಗಳಾಯಿತು, ಮರೆತಿಲ್ಲ.

ಎಲ್ಲರನ್ನೂ ಕರೆದು ನಾನಲ್ಲ ಅಂತ ಹೇಳಲಾ? ಬೇಟೆ ತಪ್ಪು ಅಂತ ನಂಬಿರುವವನು ನಾನು, ಹಾಗಂತ ಇವರಿಗೆ ಕೆಟ್ಟದಾಗಲಿ ಅಂತಲೂ ಇಲ್ಲ. ಇಲ್ಲಾ ವರ್ಗಾವಣೆಗೆ ಅರ್ಜಿ ಹಾಕಿ ಹೊರಟುಬಿಡಲಾ?

ಸುರಪುರದ ಹುಡುಗ

ಸರ್, ನಾನು ಅದೇ ತಾಲ್ಲೂಕಿನವನು, ಅದೇ ಸಮಾಜದವನು, ಈಗ ಪುಣೆಯಲ್ಲಿದ್ದೇನೆ. ಮೊದಲು ಒಂದು ಮಾತು. ಬೇಡರು ಅಂದ ತಕ್ಷಣ ಬೇಟೆ ಅಂತ ಶುರು ಮಾಡಬೇಡಿ. ನಮ್ಮಲ್ಲಿ ಹತ್ತಿ, ತೊಗರಿ ಬೆಳೆಯುವವರು, ಕಾಲುವೆ ಕೆಳಗೆ ಭತ್ತ ನಾಟಿ ಮಾಡುವವರು, ಬೇಸಿಗೆ ಬಂದರೆ ಮನೆಗೆ ಕೀಲಿ ಹಾಕಿ ಬೆಂಗಳೂರಿಗೆ ಪುಣೆಗೆ ಗುಳೆ ಹೋಗುವವರು, ಇವರೇ ಜಾಸ್ತಿ. ನಿಮ್ಮ ಸ್ಟೇಟಸ್ ನೋಡಿದವರಿಗೆ ಕಂಡಿದ್ದು ಮಾತ್ರ ಆ ಐದು ಜನ. ಅದೂ ಊರಿಗೆ ನೋವಾಗಿರುತ್ತೆ.

ಇನ್ನು ನಿಮ್ಮ ಪ್ರಶ್ನೆಗೆ. ನೀವು ದೂರು ಕೊಟ್ಟಿಲ್ಲ ಅಂತ ನಾನು ನಂಬುತ್ತೇನೆ. ಊರು ನಂಬಲ್ಲ, ಯಾಕೆ ನಂಬಲ್ಲ ಅಂತ ಕೇಳಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳ ಕಡೆ ಹಲಗಲಿಯ ಬೇಡರು ಒಪ್ಪಲಿಲ್ಲ, ಊರೇ ಸುಟ್ಟುಹೋಯಿತು. ಮರುವರ್ಷ ನಮ್ಮ ರಾಜಾ ವೆಂಕಟಪ್ಪ ನಾಯಕರು ಎದ್ದರು, ಸಂಸ್ಥಾನವೇ ಹೋಗಿ ನಿಜಾಮರ ಕೈಗೆ ಬಿತ್ತು. ಇದು ನಮಗೆ ಪುಸ್ತಕದ ಇತಿಹಾಸ ಅಲ್ಲ, ಕಟ್ಟೆ ಮೇಲಿನ ಮಾತು. ನಮ್ಮ ಮುತ್ಯಾನ ಹತ್ತಿರ ಲೈಸೆನ್ಸ್ ಇದ್ದ ಒಂದು ಬಂದೂಕು ಇತ್ತು. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಹೋಗಿ ತರಬೇಕು. ಮುದುಕ ಪ್ರತಿ ಸಲವೂ ಈ ಸಲ ವಾಪಸ್ ಕೊಡಲ್ಲ ಅಂತಲೇ ಹೇಳಿ ಹೋಗುತ್ತಿದ್ದ. ಹೊರಗಿನವರು ಬಂದು ನೋಡಿ ಬರೆದುಕೊಂಡು ಹೋದರೆ ಮನೆಯಿಂದ ಏನೋ ಒಂದು ಹೋಗುತ್ತೆ, ಅಷ್ಟು ಮನಸ್ಸಿಗೆ ಹತ್ತಿಬಿಟ್ಟಿದೆ. ನಿಮ್ಮ ಕೊರಳಲ್ಲಿ ದುರ್ಬೀನು ಬೇರೆ!

ಆದರೆ ಹೊರಗಿನವರನ್ನು ಸೇರಿಸಿಕೊಳ್ಳದ ಜನ ಅಲ್ಲ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿದ್ದೀರಾ? ಮೆಡೋಸ್ ಟೇಲರ್ 1841ರಲ್ಲಿ ಬಂದ, ರಾಜ ಇನ್ನೂ ಹುಡುಗ, ಆಡಳಿತ ನೋಡಿಕೊಳ್ಳಲು ಬ್ರಿಟಿಷರ ಕಡೆಯಿಂದ ಬಂದವನು. ಅವನ ಮೇಲೆ ಎಷ್ಟು ಅನುಮಾನ ಇದ್ದಿರಬೇಕು ಯೋಚನೆ ಮಾಡಿ. 1853ರವರೆಗೆ ಇದ್ದ. ಜನ ಅವನನ್ನು ಮಹದೇವ ಬಾಬಾ ಅಂತ ಕರೆದರು. ನಿಮಗೆ ಇನ್ನೂ ಎಂಟು ತಿಂಗಳು ಸರ್.

ಎಲ್ಲರನ್ನೂ ಕರೆದು ಹೇಳಬೇಡಿ. ನಾಲ್ಕು ಜನರ ಮುಂದೆ ನಾನಲ್ಲ ಅಂದರೆ ಹೌದು ಅಂತಲೇ ಕೇಳಿಸುತ್ತೆ. ಬಲೆ ಕಳೆದುಕೊಂಡ ಮನೆ ಹಿರಿಯರ ಹತ್ತಿರ ಹೋಗಿ, ಕಟ್ಟೆಗಲ್ಲ, ಮನೆಗೆ. ಹೆಡ್‌ಮಾಸ್ಟರ್‌ನ ಕರ್ಕೊಂಡು ಹೋಗಬೇಡಿ, ಅವರೂ ಸರ್ಕಾರವೇ. ಬಿಸಿಯೂಟ ಮಾಡುವ ಅವ್ವ ಯಾರಾದರೂ ಆ ಓಣಿಯವರೇ ಇರುತ್ತಾರೆ, ಅವರನ್ನು ಕೇಳಿ. ಹಿರಿಯರನ್ನು ಗೌರವದಿಂದ 'ದೊರಿ' ಅನ್ನಿ. ಫೋಟೋ ತೆಗೆದದ್ದು ನಾನು, ಕೇಳದೆ ತೆಗೆದೆ, ತಪ್ಪಾಯ್ತು ಅನ್ನಿ. ದೂರಿನ ಮಾತು ನೀವಾಗಿ ಎತ್ತಬೇಡಿ.

ಕಾನೂನು ಅಂದ್ರೆ ಕಾನೂನು

ಇದೇನ್ರೀ, ಮೊಲ ಹೊಡೆದವರ ಹತ್ತಿರ ಮೇಷ್ಟ್ರು ತಪ್ಪು ಕೇಳಬೇಕಾ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹಿಡಿಯುವುದೂ ಅಪರಾಧ. ದೂರು ಕೊಟ್ಟಿದ್ದರೂ ಏನು ತಪ್ಪು? ಮಕ್ಕಳಿಗೆ ವಿಜ್ಞಾನ ಹೇಳುವವರು ಹೀಗೆ ಹೆದರಿದರೆ ಹೇಗೆ?

ಸುರಪುರದ ಹುಡುಗ

ಅಣ್ಣಾ, ಅಪರಾಧ ಅಲ್ಲ ಅಂತ ಯಾರು ಹೇಳಿದರು ಇಲ್ಲಿ? ಅವರು ಕೇಳಿದ್ದು ಆ ಊರಲ್ಲಿ ಬದುಕುವುದು ಹೇಗೆ ಅಂತ. ನೀವು ಯಾವ ಊರಲ್ಲಿದ್ದೀರಿ?

ತೊಗರಿ ಹೊಲ

ನಾನು ಜೇವರ್ಗಿ ಕಡೆ ರೈತ. ಇಬ್ಬರೂ ಸ್ವಲ್ಪ ಸಮಾಧಾನ. ಕಾನೂನಿನ ಮಾತು ಬಂತಲ್ಲ, ಸರಿಯಾಗಿ ಹೇಳಿಬಿಡುತ್ತೇನೆ, ಮೇಷ್ಟ್ರಿಗೂ ಬೇಕಾಗುತ್ತೆ. ಚಿಗರಿ ಅಂದರೆ ಕೃಷ್ಣಮೃಗ, ನವಿಲು, ಉಡ ಇವೆಲ್ಲ ಆ ಕಾಯ್ದೆಯ ಮೊದಲ ಪಟ್ಟಿಯವು. ಹೊಡೆದರೆ ಕಡಿಮೆ ಅಂದರೆ 3 ವರ್ಷ, 7 ವರ್ಷದವರೆಗೂ ಜೈಲು. ಮೊಲ, ಕೌಜುಗ ಅಷ್ಟು ದೊಡ್ಡದಲ್ಲ ಅಂತ ಜನ ತಿಳಿದಿದ್ದಾರೆ, ಅವೂ ಪಟ್ಟಿಯಲ್ಲಿವೆ. ಹಿಡಿದವನು ಮಾತ್ರ ಅಲ್ಲ, ಮಾಂಸ ಇಟ್ಟುಕೊಂಡವನೂ ಸಿಕ್ಕಿಬೀಳುತ್ತಾನೆ. ನಾಳೆ ನಿಮ್ಮ ಮೇಲೆ ಪ್ರೀತಿ ಬಂದು ಒಂದು ಬಟ್ಟಲು ಪಲ್ಯ ಕಳಿಸಿದರೆ ನಾನು ತಿನ್ನಲ್ಲ ಅಂತ ಮೊದಲೇ ಹೇಳಿಡಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ತಿನ್ನದವರ ಮೇಲೆ ಇಲ್ಲಿ ಸಿಟ್ಟಿಲ್ಲ, ತಿಂದವರ ಹೆಸರು ಹೊರಗೆ ಹೇಳುವವರ ಮೇಲೆ ಸಿಟ್ಟು.

ಇನ್ನೊಂದು ಪೇಟೆಯವರಿಗೆ ಗೊತ್ತಿರಲ್ಲ. ಬಲೆ ಹಾಕುವುದೆಲ್ಲ ಬಾಯಿ ಚಪಲಕ್ಕಲ್ಲ. ನನ್ನ ಹೊಲಕ್ಕೆ ಹಂದಿ ನುಗ್ಗಿ ಒಂದೇ ರಾತ್ರಿಗೆ ಅರ್ಧ ಎಕರೆ ಶೇಂಗಾ ಬುಡಮೇಲು ಮಾಡಿತ್ತು. ಚಿಗರಿ ಹಿಂಡು ಇಳಿದರೆ ಎಳೆ ಪೈರು ಉಳಿಯಲ್ಲ. ರಾತ್ರಿಯೆಲ್ಲ ಅಟ್ಟದ ಮೇಲೆ ಕೂತು ಡಬ್ಬಿ ಬಡಿಯುತ್ತೇವೆ. ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು, ಇ-ಪರಿಹಾರ ಅಂತ ಆನ್‌ಲೈನ್ ವ್ಯವಸ್ಥೆಯೇ ಇದೆ. ಎಷ್ಟು ಜನ ಹಾಕುತ್ತಾರೆ? ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾಳಾದ ಬೆಳೆಯ ಫೋಟೋ ಎಲ್ಲ ಬೇಕು. ನಮ್ಮ ಕಡೆ ಅರ್ಧ ಜನ ಅಲ್ಲೇ ಕೈಬಿಡುತ್ತಾರೆ.

ಫೋಟೋ ತೆಗೆಯುವ ಚಟ ಇದೆಯಲ್ಲ ಮೇಷ್ಟ್ರೇ ನಿಮಗೆ. ಇದಕ್ಕೆ ತೆಗೆಯಿರಿ. ಯಾರದ್ದಾದರೂ ಹೊಲಕ್ಕೆ ಹಂದಿ ಬಿದ್ದ ಬೆಳಿಗ್ಗೆ ಹೋಗಿ, ಕೇಳಿ, ತೆಗೆದು, ಅರ್ಜಿ ತುಂಬಿಕೊಡಿ. ದುಡ್ಡು ಬರುವುದು ತಡ ಆದರೂ ಪರವಾಗಿಲ್ಲ. ನಿಮ್ಮ ಫೋನಿನಿಂದ ಊರಿಗೆ ಒಂದು ಒಳ್ಳೆಯದೂ ಆಗುತ್ತೆ ಅಂತ ಕಾಣಲಿ. ನಾರಾಯಣಪುರ ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ಕ್ಯಾಂಪ್ ಹಾಕಿಕೊಂಡವರ ಮೇಲೂ ನಮ್ಮವರಿಗೆ ಹೀಗೇ ಅನುಮಾನ ಇತ್ತು. ಈಗ ಭತ್ತಕ್ಕೆ ರೋಗ ಬಿದ್ದರೆ ಮೊದಲು ಅವರನ್ನೇ ಕೇಳುತ್ತೇವೆ.

ನಿವೃತ್ತ ಸಿಸ್ಟರ್

ಎಲ್ಲ ಓದಿದೆ. ಬೀದರ್ ಜಿಲ್ಲೆ ಔರಾದ ಕಡೆ ಹಳ್ಳಿಗಳಲ್ಲಿ ನರ್ಸ್ ಆಗಿ ಇಪ್ಪತ್ತಾರು ವರ್ಷ ತಿರುಗಿದವಳು ನಾನು, ಹುಟ್ಟಿದ್ದು ಉಡುಪಿ ಹತ್ತಿರ. ನನ್ನ ಏರಿಯಾದಲ್ಲಿ ಬೇಟೆ ಮೇಲೇ ಬದುಕುತ್ತಿದ್ದ ಕೆಲವು ಗುಡಿಸಲುಗಳಿದ್ದವು. ನಾನು ಬಾಗಿಲಿಗೆ ಹೋದರೆ ಹೆಂಗಸರು ಹಿಂದಿನಿಂದ ಹೊಲಕ್ಕೆ ಓಡುತ್ತಿದ್ದರು. ಅವರ ಹಿರಿಯರ ಕಾಲದಲ್ಲಿ ಪಾರಧಿಗಳಂಥ ಬೇಟೆಗಾರ ಜನರನ್ನು ಹುಟ್ಟಿನಿಂದಲೇ ಕಳ್ಳರು ಅಂತ ಬರೆದಿಡುವ ಕಾಯ್ದೆ ಇತ್ತು, 1871ರದ್ದು. ಊರು ಬಿಡಬೇಕಾದರೂ ಹಾಜರಿ ಹಾಕಬೇಕು. ಹುಬ್ಬಳ್ಳಿ ಗದಗದಲ್ಲಿ ಈಗಲೂ ಸೆಟ್ಲ್‌ಮೆಂಟ್ ಅಂತ ಏರಿಯಾ ಇದೆಯಲ್ಲ, ಅಂಥವರನ್ನು ಬೇಲಿ ಹಾಕಿ ಇಟ್ಟ ಜಾಗದ ಹೆಸರೇ ಅದು. ಆ ಕಾಯ್ದೆ 1952ರಲ್ಲಿ ಹೋಯಿತು. ಹಾಜರಿ ಪುಸ್ತಕದ ಹೆದರಿಕೆ ಮಾತ್ರ ಹೋಗಿರಲಿಲ್ಲ. ನನ್ನ ಕೈಯಲ್ಲಿ ಲಸಿಕೆ ರಿಜಿಸ್ಟರ್ ಇರುತ್ತಿತ್ತು! ಆಮೇಲಾಮೇಲೆ ಅದನ್ನು ಚೀಲದಲ್ಲಿಟ್ಟು ಹೋಗಿ, ಮನೆಗೆ ಬಂದು ನೆನಪಿನಿಂದ ಬರೆಯಲು ಶುರು ಮಾಡಿದೆ.

ಮೇಷ್ಟ್ರೇ, ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಎಂಟು ತಿಂಗಳಲ್ಲಿ ಆ ಊರಲ್ಲಿ ಯಾರೂ ಸಾಯಲಿಲ್ಲವಾ? ನೀವು ಮಣ್ಣಿಗೆ ಹೋದಿರಾ? ಕೂಸು ಹುಟ್ಟಿದ ಮನೆಗೆ ನಿಮ್ಮ ಹೆಂಡತಿ ಒಂದು ಜಂಪರ್ ಬಟ್ಟೆ ತಗೊಂಡು ಹೋದರಾ? ಹಕ್ಕಿ ಬಗ್ಗೆ ಇಷ್ಟು ಬರೆದಿದ್ದೀರಿ, ಹೆಬ್ಬಾತು ಎಲ್ಲಿಂದ ಬರುತ್ತೆ ಅಂತಲೂ ಗೊತ್ತು. ಹಾಲು ಹಾಕುವ ಅವ್ವನ ಹೆಸರು ಗೊತ್ತಾ? ಹೆಂಡತಿ ಮಗಳು ದಿನಾ ಏನು ಮಾಡುತ್ತಿದ್ದಾರೆ ಅಂತ ಒಂದು ಸಾಲೂ ಇಲ್ಲ. ಊರು ನಿಮ್ಮನ್ನು ಒಳಗೆ ಬಿಡುವುದಾದರೆ ನಿಮ್ಮ ಮನೆ ಹೆಣ್ಣುಮಕ್ಕಳ ಹಿಂದೆ ಬಿಡುತ್ತೆ.

ನಾನು ಮಾಡಿದ ತಪ್ಪೂ ಹೇಳುತ್ತೇನೆ. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಹೇಳಿದೆ, ಕೆಟ್ಟದ್ದೇನಲ್ಲ, ಬಸುರಿ ಸುದ್ದಿ. ಆ ಓಣಿ ಆರು ತಿಂಗಳು ನನಗೆ ನೀರು ಕೂಡ ಕೊಡಲಿಲ್ಲ. ಕೊನೆಗೆ ಒಂದು ಅಡ್ಡ ಹೆರಿಗೆಗೆ ರಾತ್ರಿ ಕರೆದರು. ಕರೆಯದೆ ಬೇರೆ ದಾರಿ ಇರಲಿಲ್ಲ ಅವರಿಗೆ. ನಿಮಗೆ ಅಂಥ ರಾತ್ರಿ ಬರದೇ ಇರಬಹುದು, ವಿಜ್ಞಾನದ ಮೇಷ್ಟ್ರನ್ನು ಮಧ್ಯರಾತ್ರಿ ಯಾರು ಕರೆಯುತ್ತಾರೆ. ನೀವೇ ಹೋಗಬೇಕು.

ಸುರಪುರದ ಹುಡುಗ

ಸಿಸ್ಟರ್ ಹೇಳಿದ್ದು ನನಗೆ ಹೊಳೆದಿರಲಿಲ್ಲ. ಇನ್ನೊಂದು ಸೇರಿಸುತ್ತೇನೆ. ಸರ್, ಕೌಜುಗ ಎಲ್ಲಿ ಮೊಟ್ಟೆ ಇಡುತ್ತೆ, ಲಾವಕ್ಕಿ ಯಾವ ಹೊತ್ತಿಗೆ ಕೂಗುತ್ತೆ ಅಂತ ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತೆ. ಅಪ್ಪನ ಹಿಂದೆ ತಿರುಗಿ ಕಲಿತದ್ದು. ಕ್ಲಾಸಿನಲ್ಲಿ ಅವರನ್ನು ಕೇಳಿ, ನೀವು ಬರೆದುಕೊಳ್ಳಿ. ಹಕ್ಕಿ ಹೆಸರು ಮಾತ್ರ ಬರೆದುಕೊಳ್ಳಿ, ಅಪ್ಪನ ಹೆಸರಲ್ಲ 😀

ಹೊಸ ಮೇಷ್ಟ್ರು

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಮೊದಲು ಸಿಸ್ಟರ್‌ಗೆ. ಹಾಲಿನ ಅವ್ವನ ಹೆಸರು ನನಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು. ನವೆಂಬರ್‌ನಲ್ಲಿ ಆಕೆಯ ಮೈದುನ ತೀರಿಕೊಂಡಾಗ ನಾನು ಬೋನಾಳಕ್ಕೆ ಹೋಗಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆ ಆಗುತ್ತೆ.

ಬಿಸಿಯೂಟದ ಅವ್ವನನ್ನು ಕೇಳಿದೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ "ಸಂಜಿಕ್ ಬರ್ರಿ, ಅಕ್ಕಾರನ್ನೂ ಕರಕೊಂಡು ಬರ್ರಿ" ಅಂದಳು. ಮೂವರೂ ಹೋದೆವು. ಹಿರಿಯರು ಹೊರಸಿನ ಮೇಲೆ ಕೂತಿದ್ದರು. ದೊರಿ, ಕೇಳದೆ ಫೋಟೋ ತೆಗೆದೆ, ತಪ್ಪಾಯ್ತು ಅಂದೆ. ಫೋನ್ ತೆಗೆದು ಅಳಿಸಲು ಹೋದರೆ ಬೇಡ ಅಂದರು. ಬದಲಿಗೆ "ತೋರಸ್ರಿ ನೋಡೂಣು" ಅಂದರು. ಬಹಳ ಹೊತ್ತು ನೋಡಿದರು. ಆ ಐದು ಜನರಲ್ಲಿ ತೀರಾ ಹಿಂದೆ ಇರುವವನು ಅವರ ಮೊಮ್ಮಗ, ಮರುವಾರವೇ ಪುಣೆಗೆ ಗುಳೆ ಹೋಗಿದ್ದಾನಂತೆ. "ಇದೊಂದು ನನ್ನ ಫೋನಿಗಿ ಹಾಕ್ರಿ, ಉಳದೋರ್ನ ತಗದುಬಿಡ್ರಿ" ಅಂದರು. ಮೊಮ್ಮಗನ ಮುಖ ಮಾತ್ರ ಕತ್ತರಿಸಿ ಕಳಿಸಿ, ಅವರ ಮುಂದೆಯೇ ಮೂಲ ಫೋಟೋ ಅಳಿಸಿದೆ. ದೂರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಂಬಿದರಾ ಇಲ್ಲವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಡುವಾಗ ದುರ್ಬೀನು ಕೇಳಿದರು. ಹೇಗೆ ತಿರುಗಿಸಬೇಕು ಅಂತ ತೋರಿಸಿದೆ. ಹೊಲದ ಕಡೆ ಹಿಡಿದವರು ಒಮ್ಮೆಲೇ ಎದ್ದು ನಿಂತು ಬೈಯಲು ಶುರು ಮಾಡಿದರು. ನನಗೆ ಎದೆ ಧಸಕ್ ಅಂತು. ನೋಡಿದರೆ ಯಾರದೋ ಆಡುಗಳು ಅವರ ಜೋಳಕ್ಕೆ ನುಗ್ಗಿದ್ದವು. ಮನೆಯವರೆಲ್ಲ ಓಡಿದರು, ಹಿಂದೆ ನನ್ನ ಮಗಳೂ ಓಡಿದಳು.

ಕಟ್ಟೆ ಹತ್ತಿರ ಮಾತು ಈಗಲೂ ನಿಲ್ಲುತ್ತೆ, ಆದರೆ ನಾನು ದಾಟುವ ಮೊದಲೇ ಮತ್ತೆ ಶುರುವಾಗುತ್ತೆ. ವರ್ಗಾವಣೆ ಅರ್ಜಿ ಹಾಕಿಲ್ಲ. ಹಾಲು ಮತ್ತೆ ಬರುತ್ತಿದೆ. ನೀರು ಮೊದಲಿಗಿಂತ ಸ್ವಲ್ಪ ಜಾಸ್ತಿ ಇದೆ, ಸದ್ಯಕ್ಕೆ ಅದರ ಬಗ್ಗೆ ನಾನು ಬಾಯಿ ತೆಗೆಯಲ್ಲ.