ಪದಚರ್ಚೆ: ವಾಯುಪಡೆಯ ‘ವಾರಂಟ್ ಆಫೀಸರ್’ ಕನ್ನಡದಲ್ಲಿ ಅಧಿಕಾರಿಯೇ?

ಗೆಳೆಯರೇ, ನಮಸ್ಕಾರ.

ನಮ್ಮೂರ ಶಾಲೆಯ ನೆನಪಿನ ಸಂಚಿಕೆಗೆ ನಮ್ಮ ಸೋದರಮಾವನ ಬಗ್ಗೆ ಎರಡು ಪುಟ ಬರೆದುಕೊಡಿ ಅಂತ ಕೇಳಿದ್ದರು. ಮಾವ ವಾಯುಪಡೆಯಲ್ಲಿದ್ದವರು. ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ ಮೊದಲ ತರಬೇತಿ. ಆಮೇಲೆ ತಾಂಬರಂನಲ್ಲಿ ಇಂಜಿನ್ ಫಿಟ್ಟರ್ ಕೆಲಸ ಕಲಿತರು. ವಾರಂಟ್ ಆಫೀಸರ್ ಆಗಿ ನಿವೃತ್ತರಾದರು. ನಾನು ಬರೆದದ್ದನ್ನು ಅವರಿಗೇ ಓದಲು ಕೊಟ್ಟೆ. ಮೊದಲ ಸಾಲಿನಲ್ಲಿ ‘ವಾಯುಪಡೆಯ ನಿವೃತ್ತ ಅಧಿಕಾರಿ’ ಅಂತ ಇತ್ತು. ಮಾವ ಪೆನ್ನು ಕೇಳಿ ಇಸಿದುಕೊಂಡು ‘ಅಧಿಕಾರಿ’ ಮೇಲೆ ಗೀಟು ಎಳೆದರು.

“ನಾನು ಅಧಿಕಾರಿ ಅಲ್ಲಮ್ಮ, ವಾರಂಟ್ ಆಫೀಸರ್.”

“ಆಫೀಸರ್ ಅಂದ್ರೆ ಅಧಿಕಾರಿನೇ ಅಲ್ವಾ ಮಾವ?”

“ಅಲ್ಲ” ಅಂದರು. ಅಷ್ಟೇ.

ಕೂತು ಕೇಳಿದ ಮೇಲೆ ವಿಷಯ ತಿಳಿಯಿತು. ವಾಯುಪಡೆಯಲ್ಲಿ ಏಣಿ ಎರಡು. ಒಂದು ಕಮಿಷನ್, ಅಂದರೆ ರಾಷ್ಟ್ರಪತಿಯ ನೇಮಕಪತ್ರ, ಪಡೆದವರದು; ‘ಅಧಿಕಾರಿ’ ಅನ್ನೋದು ಇವರನ್ನೇ. ಅದು ಫ್ಲೈಯಿಂಗ್ ಆಫೀಸರ್‌ನಿಂದ ಶುರುವಾಗುತ್ತದೆ. ಫ್ಲೈಟ್ ಲೆಫ್ಟಿನೆಂಟ್, ಸ್ಕ್ವಾಡ್ರನ್ ಲೀಡರ್, ವಿಂಗ್ ಕಮಾಂಡರ್, ಗ್ರೂಪ್ ಕ್ಯಾಪ್ಟನ್ ಅಂತ ಏರಿ ಏರ್ ಚೀಫ್ ಮಾರ್ಷಲ್‌ವರೆಗೆ ಹೋಗುತ್ತದೆ. ಇನ್ನೊಂದು ಏಣಿ ಏರ್‌ಮನ್‌ಗಳದು, ಅಂದರೆ ಕಮಿಷನ್ ಇಲ್ಲದ ಸಿಬ್ಬಂದಿಯದು. ಅದರಲ್ಲಿ ಸಾರ್ಜೆಂಟ್ ಆದಮೇಲೆ ಬರುವ ಮೂರು ಮೆಟ್ಟಿಲು ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್. ಭೂಸೇನೆಯ ಸುಬೇದಾರ್ ಎಷ್ಟೋ ವಾರಂಟ್ ಆಫೀಸರ್ ಅಷ್ಟು. ಸುಬೇದಾರರನ್ನು ನಾವು ಸುಬೇದಾರ್ ಅಂತಲೇ ಬರೆಯುತ್ತೇವೆ. ಗೊಂದಲ ಇಲ್ಲ. ವಾರಂಟ್ ಆಫೀಸರ್ ಮಾತ್ರ ಹೆಸರಲ್ಲಿರುವ ‘ಆಫೀಸರ್’ನಿಂದಾಗಿ ಕನ್ನಡದಲ್ಲಿ ಅಧಿಕಾರಿ ಆಗಿಬಿಡುತ್ತಾರೆ. ಮಾವನಿಗೆ ಅದು ತಮ್ಮದಲ್ಲದ ಅಂಗಿ ತೊಡಿಸಿದ ಹಾಗೆ. ಇಪ್ಪತ್ತಕ್ಕೂ ಜಾಸ್ತಿ ವರ್ಷ ದುಡಿದು, ಒಂದೊಂದೇ ಮೆಟ್ಟಿಲು ಹತ್ತಿ ಪಡೆದ ಹೆಸರು ಅದು. ಬೇರೆ ಹೆಸರು ಅವರಿಗೆ ಬೇಕಿಲ್ಲ.

ಇನ್ನು ಆ ‘ವಾರಂಟ್’. ನಮ್ಮಲ್ಲಿ ವಾರಂಟ್ ಅಂದರೆ ಕೋರ್ಟಿನದು, ಪೊಲೀಸರು ಮನೆಗೆ ತರುವಂಥದ್ದು. ಮಾವನಿಗೆ ಬಡ್ತಿ ಬಂದಾಗ “ವಾರಂಟ್ ಸಿಕ್ಕಿತು” ಅಂತ ಕಾಗದ ಬರೆದಿದ್ದರಂತೆ. ಅಜ್ಜಿ ಅದನ್ನು ಓದಿಸಿಕೊಂಡು ಎರಡು ದಿನ ಊಟ ಸರಿಯಾಗಿ ಮಾಡಿರಲಿಲ್ಲ. ಇಲ್ಲಿ ವಾರಂಟ್ ಅಂದರೆ ನೇಮಕದ ಅಧಿಕಾರಪತ್ರ. ಇದನ್ನು ಕನ್ನಡದ ಓದುಗರಿಗೆ ಒಂದೇ ಪದದಲ್ಲಿ ಹೇಗೆ ತಿಳಿಸೋದು?

ಎರಡನೇ ತೊಡಕು ‘ಹುದ್ದೆ’. ‘ವಿಂಗ್ ಕಮಾಂಡರ್ ಹುದ್ದೆಯಲ್ಲಿದ್ದರು’ ಅಂತ ಬರೆಯೋದು ರೂಢಿ. ನಾನೂ ಹಾಗೇ ಬರೆಯುತ್ತಿದ್ದೆ. ಆದರೆ ವಿಂಗ್ ಕಮಾಂಡರ್ ಅನ್ನೋದು ದರ್ಜೆ. ಹುದ್ದೆ ಬೇರೆ. ‘ಫ್ಲೈಟ್ ಕಮಾಂಡರ್’ ಅನ್ನೋದು ಹುದ್ದೆ, ‘ಕಮಾಂಡಿಂಗ್ ಆಫೀಸರ್’ ಹುದ್ದೆ. ಸ್ಕ್ವಾಡ್ರನ್ ಲೀಡರ್ ದರ್ಜೆಯವರು ಸಾಮಾನ್ಯವಾಗಿ ಸ್ಕ್ವಾಡ್ರನ್ (ವಿಮಾನಗಳ ದಳ) ನಡೆಸೋದಿಲ್ಲ. ಅದನ್ನು ಸಾಮಾನ್ಯವಾಗಿ ವಿಂಗ್ ಕಮಾಂಡರ್ ಅಥವಾ ಗ್ರೂಪ್ ಕ್ಯಾಪ್ಟನ್ ನಡೆಸುತ್ತಾರೆ. ಫ್ಲೈಯಿಂಗ್ ಆಫೀಸರ್ ವಿಮಾನ ಹಾರಿಸಲೇಬೇಕು ಅಂತಲೂ ಇಲ್ಲ. ಲೆಕ್ಕಪತ್ರ, ಹವಾಮಾನ, ಶಿಕ್ಷಣ ಶಾಖೆಗಳಲ್ಲೂ ಫ್ಲೈಯಿಂಗ್ ಆಫೀಸರ್‌ಗಳಿದ್ದಾರೆ. ಹಾಗಾಗಿ ಈ ಹೆಸರುಗಳನ್ನು ಬಿಡಿಸಿ ಅರ್ಥ ಮಾಡಿ ಅನುವಾದಿಸಿದರೆ ತಪ್ಪೇ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಗ್ರೂಪ್ ಕ್ಯಾಪ್ಟನ್ ಇನ್ನೂ ಸೂಕ್ಷ್ಮ. ಜಾಗ ಉಳಿಸಲು ‘ಕ್ಯಾಪ್ಟನ್’ ಅಂತ ಮೊಟಕು ಮಾಡಿದರೆ ಮೂರು ಮೆಟ್ಟಿಲು ಕೆಳಗಿಳಿಸಿದ ಹಾಗೆ. ಭೂಸೇನೆಯ ಕ್ಯಾಪ್ಟನ್ ಇಲ್ಲಿನ ಫ್ಲೈಟ್ ಲೆಫ್ಟಿನೆಂಟ್‌ಗೆ ಸಮ, ಗ್ರೂಪ್ ಕ್ಯಾಪ್ಟನ್ ಕರ್ನಲ್‌ಗೆ ಸಮ. ಕಾರಣ ಹುಡುಕಿದರೆ ಕಡಲಿಗೆ ಹೋಗಬೇಕು. ಬ್ರಿಟನ್ನಿನ ವಾಯುಪಡೆ 1918ರಲ್ಲಿ ಹುಟ್ಟಿದ್ದು, ಭೂಸೇನೆಯ ಒಂದು ವಿಮಾನ ದಳ ಮತ್ತು ನೌಕಾಪಡೆಯ ಒಂದು ವಿಮಾನ ದಳ ಸೇರಿ. ಮರುವರ್ಷ ಹೊಸ ದರ್ಜೆಗಳನ್ನು ಮಾಡಿದಾಗ ಕೆಲವು ಹೆಸರು ಹಡಗಿನ ಕಡೆಯಿಂದ ಬಂದವು. ಈ ಕ್ಯಾಪ್ಟನ್ ಹಡಗಿನ ಕ್ಯಾಪ್ಟನ್. ತೋಳಿನ ಮೇಲೆ ಇಬ್ಬರಿಗೂ ನಾಲ್ಕೇ ಪಟ್ಟಿ. ಗ್ರೂಪ್ ಕ್ಯಾಪ್ಟನ್‌ಗಿಂತ ಒಂದು ಮೆಟ್ಟಿಲು ಮೇಲಿನ ಏರ್ ಕಮೋಡೋರ್‌ನ ಕಮೋಡೋರ್ ಕೂಡ ಹಡಗಿನದೇ. 1932ರಲ್ಲಿ ನಮ್ಮ ವಾಯುಪಡೆ ಶುರುವಾದಾಗ ಆ ಏಣಿಯೇ ಇಲ್ಲಿಗೂ ಬಂತು.

ಮೂರನೆಯದು ‘ಟ್ರೇಡ್’. ಇದು ನನಗೆ ತುಂಬಾ ಮುಖ್ಯ. ಏರ್‌ಮನ್ ಯಾವ ದರ್ಜೆಯಲ್ಲಿದ್ದರೂ ಅವನದೊಂದು ಟ್ರೇಡ್ ಇರುತ್ತದೆ. ಇಂಜಿನ್, ವಿಮಾನದ ಮೈಕಟ್ಟು, ವಿದ್ಯುತ್, ರೇಡಿಯೋ, ಹೀಗೆ. ಮಾವ ಹೇಳಿದ್ದು: ಪ್ರತಿ ವಿಮಾನಕ್ಕೂ ‘ಫಾರ್ಮ್ 700’ ಅಂತ ಒಂದು ಪುಸ್ತಕ. ಹಾರುವ ಮುಂಚೆ ಒಂದೊಂದು ಟ್ರೇಡಿನವರು ತಮ್ಮ ಭಾಗ ನೋಡಿ ಅದರಲ್ಲಿ ಸಹಿ ಹಾಕಬೇಕು. ಕೊನೆಗೆ ಪೈಲಟ್ ಓದಿ ಸಹಿ ಹಾಕಿ ವಿಮಾನ ವಹಿಸಿಕೊಳ್ಳುತ್ತಾರೆ. ಇಂಜಿನ್ ಸಾಲಿನಲ್ಲಿ ಆಗ ಕಾರ್ಪೊರಲ್ (ಸಾರ್ಜೆಂಟ್‌ಗಿಂತ ಕೆಳಗಿನ ದರ್ಜೆ) ಆಗಿದ್ದ ಮಾವನ ಸಹಿ, ಕೆಳಗೆ ವಿಂಗ್ ಕಮಾಂಡರ್ ಸಹಿ. ಆ ಪುಟದಲ್ಲಿ ಎರಡೂ ಬೇಕು. ಟ್ರೇಡ್‌ಗೆ ‘ವೃತ್ತಿ’ ಅಂದರೆ ಸಪ್ಪೆ, ‘ವಿಭಾಗ’ ಅಂದರೆ ಕಚೇರಿ. ನನಗೆ ‘ಕಸುಬು’ ಹಿಡಿಸುತ್ತದೆ. ಕೈಯಲ್ಲಿ ಕಲಿತ ಕೆಲಸ ಅನ್ನೋದು ಅದರಲ್ಲೇ ಇದೆ. “ಕಸುಬು ಅಂದ್ರೆ ಸರಿ” ಅಂತ ಮಾವನೂ ಒಪ್ಪಿದರು.

ಕೊನೆಗೆ ಉಳಿದದ್ದು ‘ಏರ್‌ಮನ್’. ಪತ್ರಿಕೆಗಳಲ್ಲಿ ‘ಯೋಧ’ ಅಂತ ಬರೆಯುತ್ತಾರೆ. ಆದರೆ ಯೋಧ ಅಂದರೆ ಎರಡೂ ಏಣಿಯವರು ಬಂದರಲ್ಲ. ‘ವಾಯುಯೋಧ’ ಅಂದರೂ ಅದೇ ಕಷ್ಟ. ಚದುರಂಗದಲ್ಲಿ ‘ಕಾಲಾಳು’ ಇದೆ, ಹಳೆಯ ಕನ್ನಡದಲ್ಲಿ ಆಳು ಅಂದರೆ ಸೈನಿಕನೇ. ಈಗ ‘ಆಳು’ ಅಂದರೆ ಕೂಲಿಯಾಳು ಅಂತ ಕೇಳಿಸುತ್ತದೆ, ಅದು ಬೇಡ. ಹೆಣ್ಣುಮಕ್ಕಳೂ ಈಗ ಅಗ್ನಿವೀರರಾಗಿ ವಾಯುಪಡೆ ಸೇರುತ್ತಿರುವುದರಿಂದ ‘ಮನ್’ ಅಂತ ಮುಗಿಯುವ ಪದವನ್ನೇ ಇಟ್ಟುಕೊಳ್ಳಲು ಮನಸ್ಸಿಲ್ಲ.

ಇಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. 1933ರಲ್ಲಿ ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನಗಳ ಜೊತೆ ಮೊದಲ ಸ್ಕ್ವಾಡ್ರನ್ ನಿಂತಾಗ ಅದರ ಭಾರತೀಯ ತಂತ್ರಜ್ಞರನ್ನು ‘ಹವಾಯಿ ಸಿಪಾಯಿ’ ಅಂತ ಕರೆಯುತ್ತಿದ್ದರು. ಹವಾ, ಸಿಪಾಯಿ ಎರಡೂ ನಮ್ಮ ಹಳ್ಳಿಯವರಿಗೂ ಗೊತ್ತಿರುವ ಮಾತು. ಇಂಥ ಹೆಸರು ಒಂದು ಕಾಲಕ್ಕೆ ಇತ್ತು, ಆಮೇಲೆ ‘ಏರ್‌ಕ್ರಾಫ್ಟ್‌ಮನ್’ ಅನ್ನುವ ಇಂಗ್ಲಿಷ್ ಹೆಸರೇ ಉಳಿಯಿತು.

ಹಾಗಾಗಿ ಬಲ್ಲವರಲ್ಲಿ ಕೇಳುತ್ತಿದ್ದೇನೆ. ದರ್ಜೆಗಳ ಹೆಸರನ್ನು ಇದ್ದ ಹಾಗೇ ಬರೆದು, ‘ರ‍್ಯಾಂಕ್’ಗೆ ದರ್ಜೆ, ‘ಪೋಸ್ಟ್’ಗೆ ಹುದ್ದೆ, ‘ಟ್ರೇಡ್’ಗೆ ಕಸುಬು ಅಂತ ಇಟ್ಟುಕೊಳ್ಳಬಹುದೇ? ಏರ್‌ಮನ್‌ಗೆ ನಿಮ್ಮ ಕಡೆ ಏನನ್ನುತ್ತಾರೆ? ಬೀದರ್, ಜಾಲಹಳ್ಳಿ, ಸಾಂಬ್ರಾ ಸುತ್ತಮುತ್ತ ಇರುವವರ ಬಾಯಲ್ಲಿ ಏನಾದರೂ ಮಾತು ಹುಟ್ಟಿರಬಹುದು, ದಯವಿಟ್ಟು ತಿಳಿಸಿ. ಸದ್ಯಕ್ಕೆ ಮೊದಲ ಸಾಲನ್ನು ‘ವಾಯುಪಡೆಯಲ್ಲಿ ವಾರಂಟ್ ಆಫೀಸರ್ ದರ್ಜೆಯವರೆಗೆ ಏರಿದ ಇಂಜಿನ್ ಕಸುಬುದಾರರು’ ಅಂತ ತಿದ್ದಿದ್ದೇನೆ. ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.